ಗುಂಡಣ್ಣ ನಿಂತ ಜಾಗ

"ಅಕ್ಕಾ, ಮೆಟ್ಟಿಲು ಕಳುವಾಗಿದೆ" ಎಂದು ನಾನು ಏದುಸಿರು ಬಿಡುತ್ತಾ ಹೇಳಿದಾಗ ವಿಮೆ ಅಕ್ಕ ಹಣೆಗೆ ಐಸ್ ಒತ್ತಿಕೊಂಡು ಕೂತಿದ್ದರು.

"ಯಾವ ಮೆಟ್ಟಿಲು? ಲೈಬ್ರರೀದಾ? ಕದ್ದೋನ್ನ ಕರ್ಕೊಂಡು ಬಾ, ಸನ್ಮಾನ ಮಾಡೋಣ."

ಬೆಳಗ್ಗೆ ಪುಸ್ತಕ ವಾಪಸ್ ಕೊಡಲು ಹೋಗಿ ಅವರು ಗ್ರಂಥಾಲಯದ ಮೆಟ್ಟಿಲ ತಿರುವಿನಲ್ಲಿ ತೊಲೆಗೆ ತಲೆ ಚಚ್ಚಿಕೊಂಡು ಬಂದಿದ್ದರು. ನಮ್ಮೂರಲ್ಲಿ ಆ ತೊಲೆಗೆ ತಲೆ ಕೊಡದವರು ಕಡಿಮೆ.

"ಲೈಬ್ರರೀದೇ. ಆದ್ರೆ ನಿಜವಾದದ್ದಲ್ಲ. ಮರದ ಮಾದರಿ ಒಳಗಿಂದು. ಅಂಗೈಯಷ್ಟಿದೆ."

ಅಕ್ಕ ದೊಡ್ಡದಾಗಿ ನಿಟ್ಟುಸಿರು ಬಿಟ್ಟು ಚಪ್ಪಲಿ ಹುಡುಕಿದರು. ವಿಮಾ ಕಂಪನಿಗಾಗಿ ಸುಟ್ಟ ಅಂಗಡಿ, ಮುಳುಗಿದ ಗೋದಾಮುಗಳನ್ನು ಪರೀಕ್ಷಿಸಿ ನಿವೃತ್ತರಾದವರು ಅವರು. ಯಾರ ಮಾತನ್ನೂ ಪೂರ್ತಿ ನಂಬದ ಅಭ್ಯಾಸ ಮಾತ್ರ ನಿವೃತ್ತಿಯಾಗಿರಲಿಲ್ಲ. ಅವರ ಬಾಡಿಗೆ ಮನೆಯ ಕೆಳಗೇ ನಮ್ಮ ಕಚೇರಿ. ಅಜ್ಜ, ಮಗ, ಮೊಮ್ಮಗಳು ಹೀಗೆ ಮೂರು ತಲೆಮಾರಿನ ವಾಸ್ತುಶಿಲ್ಪಿಗಳು ನಡೆಸಿಕೊಂಡು ಬಂದ ಕಚೇರಿ ಅದು. ಸಂಜೆ ತರಗತಿಯಲ್ಲಿ ಓದಿದ ನಾನು ಅಲ್ಲಿ ನಕ್ಷೆ ಬರೆಯುವವನು. ಅಕ್ಕನ ಪ್ರಕರಣಗಳನ್ನು ಬರೆಯುವ ಕೆಲಸವೂ ಹೇಗೋ ನನ್ನ ಕೊರಳಿಗೆ ಬಿದ್ದಿತ್ತು.

ಅಂದು ಸಂಜೆ ಕಚೇರಿಯ ಇತಿಹಾಸದ ಪ್ರದರ್ಶನವಿತ್ತು. ಜೊತೆಗೆ ನಮ್ಮ ಕಚೇರಿಯೇ ವಿನ್ಯಾಸ ಮಾಡಿದ್ದ ಗ್ರಂಥಾಲಯದ ಗೋಡೆಗೆ ಒಂದು ಹಿತ್ತಾಳೆ ಫಲಕ ಕೂರಿಸುವುದಿತ್ತು. ಅದರ ಕೊನೆಯ ಸಾಲು: 'ಮೇಸ್ತ್ರಿಯ ತಪ್ಪಿನಿಂದಾಗಿ ಮೆಟ್ಟಿಲ ತಿರುವು ತಗ್ಗಾಗಿದೆ, ತಲೆ ಜೋಪಾನ.' ಆ ಮೇಸ್ತ್ರಿ ಇನ್ನೂ ಬದುಕಿದ್ದರು. ಅವರ ಮಗಳು, ಊರಿನ ಹಲ್ಲಿನ ಡಾಕ್ಟರು, ಫಲಕದ ಸುದ್ದಿ ಕೇಳಿ ಹಿಂದಿನ ದಿನವೇ ಫೋನ್ ಮಾಡಿದ್ದರು. ಹಳೆಯ ನಕ್ಷೆಗಳನ್ನು ಗೆದ್ದಲು ತಿಂದಿತ್ತು, ನಿಜ. ಆದರೆ ಕಟ್ಟುವ ಮೊದಲೇ ಮಾಡಿದ ಮಾದರಿ ಇತ್ತಲ್ಲ? ಅದರಲ್ಲೂ ತಿರುವು ತಗ್ಗಾಗಿದ್ದರೆ ಅಪ್ಪ ಕೊಟ್ಟದ್ದನ್ನೇ ಕಟ್ಟಿದ್ದಾರೆಂದು ಅರ್ಥ. ಅವರು ಬೆಳಗ್ಗೆ ಬಂದು, ನಮ್ಮೆಲ್ಲರ ಮುಂದೆ ಮಾದರಿಯ ಮುಚ್ಚಳ ತೆಗೆಸಿ ನೋಡಿದರೆ ಒಳಗೆ ಮೆಟ್ಟಿಲೇ ಇಲ್ಲ.

ನಾವು ಕೆಳಗಿಳಿದಾಗ ಸಭಾಂಗಣದಲ್ಲಿ ಜಗಳ ಕಾವೇರಿತ್ತು.

"ನಮ್ಮಪ್ಪ ಲೈಬ್ರರಿ ಕಟ್ಟಿದ ಮೇಲೆ ಯಾರೂ ಅವರ ಕೈಗೆ ಮನೆ ಕೊಡ್ಲಿಲ್ಲ. ಬರೀ ಕಾಂಪೌಂಡ್ ಗೋಡೆ ಕಟ್ಟಿ ನನ್ನ ಓದಿಸಿದ್ರು" ಎನ್ನುತ್ತಿದ್ದರು ಡಾಕ್ಟರಮ್ಮ. "ಈಗ ಹಿತ್ತಾಳೇಲಿ ಬೇರೆ ಕೆತ್ತಿಸಿ ಹಾಕ್ತೀರಾ?"

"ನಮ್ಮ ತಂದೆ ಮಾಡಿದ ಮಾದರಿ ಅದು. ಅವರು ತಪ್ಪು ಮಾಡೋರಲ್ಲ" ಎಂದರು ಯಜಮಾನರು. ಅಜ್ಜನ ಮಗ ಅವರು. ಮಾತು ಗಟ್ಟಿಯಿದ್ದರೂ ಕಣ್ಣು ನೆಲದ ಮೇಲಿತ್ತು.

"ಮಾವ, ಇಲಿ ಇರ್ಬಹುದು" ಎಂದ ಅಳಿಯ.

"ಹೌದಪ್ಪ, ಇಲಿ ಮುಚ್ಚಳ ತೆಗೆದು, ಮೆಟ್ಟಿಲು ತಿಂದು, ಮತ್ತೆ ಮುಚ್ಚಳ ಹಾಕಿ, ಕೈ ತೊಳ್ಕೊಂಡು ಹೋಗಿದೆ" ಎಂದರು ವಿಮೆ ಅಕ್ಕ.

ಅಳಿಯನ ಮುಖ ಕೆಂಪಾಯಿತು. "ಹಾಗಾದ್ರೆ ಕೀ ಯಾರ ಹತ್ರ ಇತ್ತು, ಕೇಳಿ!"

ಕೀ ನನ್ನ ಹತ್ತಿರವೇ ಇತ್ತು. ಕದ್ದಿಲ್ಲವೆಂದು ನನಗೆ ಗೊತ್ತಿದ್ದರೂ ಒಂದು ಕ್ಷಣ ಅನುಮಾನ ಬಂತು.

"ಇನ್ನೊಂದು ಕೀ ಬಾಗಿಲ ಪಕ್ಕದ ಮೊಳೆಗೆ ನೇತಾಡ್ತಿದೆ" ಎಂದರು ಯಜಮಾನರ ಮಗಳು ಮೆಲ್ಲಗೆ. "ಅವರನ್ನ ಯಾಕೆ ಎಳೀತೀರಾ?" ಈಗ ಕಚೇರಿ ನಡೆಸುತ್ತಿರುವವರು ಅವರೇ.

ಅಕ್ಕ ಮಾದರಿಯ ಮುಂದೆ ಬಗ್ಗಿದರು. ಮೇಲ್ಮಹಡಿ, ತೊಲೆ, ಚಾವಣಿ ಎಲ್ಲ ಸೇರಿ ಒಂದೇ ಮುಚ್ಚಳ. ಅದನ್ನು ಹಿಂದಕ್ಕೆ ಜಾರಿಸಿ ಎತ್ತಬೇಕು, ನೇರ ಎಳೆದರೆ ಅಂಚು ಮುರಿಯುತ್ತದೆ. ಅಂಚು ಎಲ್ಲೂ ಮುಕ್ಕಾಗಿರಲಿಲ್ಲ. ಒಳಗೆ ಅಂಟನ್ನು ತೆಳು ಅಲಗಿನಿಂದ ಬಿಡಿಸಿದ ಗುರುತಿತ್ತು. ಮಾದರಿಯ ಬಾಗಿಲ ಹೊಸ್ತಿಲಲ್ಲಿ ಕಾಳಿನಷ್ಟು ಅಗಲದ ಒಂದು ಬಿಳಚು ಕಲೆ. ಮುಂಭಾಗದ ಕಿಟಕಿಯ ಬಳಿ ಗುಂಡಣ್ಣ ನಿಂತಿದ್ದ.

"ಇವನ್ಯಾರು?"

"ಗುಂಡಣ್ಣ" ಎಂದೆ. "ಆಳೆತ್ತರದ ಅಳತೆಗೆ ಅಂತ ಅಜ್ಜ ಶುರು ಮಾಡಿದ ಮರದ ಗೊಂಬೆ. ಈ ಕಚೇರಿಯ ಎಲ್ಲ ಮಾದರೀಲೂ ಒಬ್ಬ ಗುಂಡಣ್ಣ ಇರ್ತಾನೆ. ಅಂಟಿಸಲ್ಲ, ಸುಮ್ನೆ ನಿಲ್ಲಿಸ್ತಾರೆ."

ಅಕ್ಕ ಗೊಣಗುತ್ತಾ ಸಭಾಂಗಣವನ್ನೆಲ್ಲ ಸುತ್ತಿದರು. ಅಜ್ಜ ಮಾಡಿದ ಶಾಲೆ, ಛತ್ರದ ಮಾದರಿಗಳು: ಎರಡರಲ್ಲೂ ಗುಂಡಣ್ಣ ಮೆಟ್ಟಿಲ ನಡುವೆ. ಯಜಮಾನರ ಬ್ಯಾಂಕಿನಲ್ಲಿ, ಸಿನಿಮಾ ಮಂದಿರದಲ್ಲಿ ಅವನು ಬಾಗಿಲಲ್ಲಿ, ಕಾಫಿಗೆ ಹೊರಟವನ ಹಾಗೆ. ಅವರ ಮಗಳ ಆಸ್ಪತ್ರೆಯಲ್ಲಿ, ವಸತಿಗೃಹದಲ್ಲಿ ಕಿಟಕಿಯಿಂದ ಹೊರಗೆ ನೋಡುತ್ತಿದ್ದ. ಅಳಿಯ ಮಾದರಿ ಮಾಡುವವನಲ್ಲ, ಪರವಾನಗಿ ಮಾಡಿಸುವವನು.

"ತಮ್ಮಾ, ಈ ಮಾದರಿ ಒರೆಸೋನು ನೀನೇ ತಾನೇ? ಲೈಬ್ರರೀಲಿ ಇವನು ಎಲ್ಲಿ ನಿಂತಿರ್ತಿದ್ದ?"

"ಬಾಗಿಲಲ್ಲಿ ಅನ್ಸತ್ತೆ. ಇಲ್ಲ, ಬಾಗಿಲಲ್ಲೇ. ಅಂದ್ರೆ, ನನ್ನ ನೆನಪು ನಂಬೋ ಹಾಗಿಲ್ಲ ಅಕ್ಕ..."

"ನಿನ್ನ ನಂಬು ಅಂತ ಯಾರು ಹೇಳಿದ್ರು? ಹೊಸ್ತಿಲಲ್ಲಿ ಅವನು ವರ್ಷಗಟ್ಟಲೆ ನಿಂತ ಕಲೆ ಇದೆಯಲ್ಲ, ಅದನ್ನ ನಂಬ್ತೀನಿ. ಎಲ್ಲರೂ ಕೂತ್ಕೊಳ್ಳಿ. ನನ್ನ ತಲೆ ಸಿಡೀತಿದೆ, ಒಂದೇ ಸಲ ಹೇಳ್ತೀನಿ."

ಎಲ್ಲರೂ ಕೂತರು. ಯಜಮಾನರು ಮಾತ್ರ ನಿಂತೇ ಇದ್ದರು.

"ಮುಚ್ಚಳ ತೆಗೆಯೋ ರೀತಿ ಗೊತ್ತಿದ್ದೋರೇ ತೆಗೆದಿದ್ದಾರೆ. ಅಂದ್ರೆ ಹೊರಗಿನವರಲ್ಲ. ಅಲಗು ಆಡಿಸೋಕೆ ಬಾಗಿಲಲ್ಲಿ ನಿಂತಿದ್ದ ಗುಂಡಣ್ಣ ಅಡ್ಡ. ತೆಗೆದು ಪಕ್ಕಕ್ಕಿಟ್ರು. ಕೆಲಸ ಮುಗಿದ ಮೇಲೆ ವಾಪಸ್ ಇಡ್ಬೇಕಲ್ಲ? ಮನಸ್ಸು ಗಾಬರೀಲಿತ್ತು, ಕೈ ತನ್ನ ಅಭ್ಯಾಸದ ಜಾಗಕ್ಕೆ ಹೋಯ್ತು. ಕಿಟಕಿಗೆ." ಅಕ್ಕ ಯಜಮಾನರ ಮಗಳತ್ತ ತಿರುಗಿದರು. "ಇಲ್ಲಿ ಅವನನ್ನ ಕಿಟಕೀಲಿ ನಿಲ್ಲಿಸೋರು ಒಬ್ಬರೇ."

ಮಗಳು ಕೈಚೀಲದಿಂದ ಕರವಸ್ತ್ರದ ಗಂಟು ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಮೆಟ್ಟಿಲಿತ್ತು, ಒಂದು ಚಕ್ಕೆಯೂ ಎದ್ದಿರಲಿಲ್ಲ.

"ಎಸೆಯೋಕೆ ಮನಸ್ಸು ಬರ್ಲಿಲ್ಲ" ಎಂದರು.

"ಅಜ್ಜನ ಮರ್ಯಾದೆ ಉಳಿಸೋಕೆ ಇಷ್ಟೆಲ್ಲ!" ಎಂದರು ಡಾಕ್ಟರಮ್ಮ ಕಹಿಯಾಗಿ.

"ಅಜ್ಜಂದಲ್ಲ" ಎಂದರು ಅಕ್ಕ. "ಅದೇ ನನಗೆ ರೇಗಿದ್ದು. ಅಜ್ಜ ಗುಂಡಣ್ಣನ್ನ ಚೆಂದಕ್ಕೆ ಮೆಟ್ಟಿಲ ಮೇಲೆ ನಿಲ್ಲಿಸ್ತಿದ್ರಾ? ತಲೆ ತಾಗತ್ತೋ ಇಲ್ವೋ ನೋಡೋಕೆ ಕಣ್ರಪ್ಪಾ! ಈ ಮಾದರೀಲಿ ಅವನು ಮೊದಲಿಂದಲೂ ಬಾಗಿಲಲ್ಲಿದ್ದ. ಬಾಗಿಲು ಯಾರ ಅಭ್ಯಾಸ, ಯಜಮಾನ್ರೇ?"

ಅಕ್ಕ ಮೆಟ್ಟಿಲನ್ನು ಅದರ ಜಾಗದಲ್ಲಿಟ್ಟು, ತಿರುವಿನಲ್ಲಿ ಗುಂಡಣ್ಣನನ್ನು ನಿಲ್ಲಿಸಿ, ಮುಚ್ಚಳ ಜಾರಿಸಿದರು. ಟಕ್ ಎಂದು ತೊಲೆ ಅವನ ತಲೆಗೆ ತಾಗಿ ಮುಚ್ಚಳ ಅರ್ಧಕ್ಕೆ ನಿಂತಿತು.



"ನನ್ನ ಮೊದಲ ಕೆಲಸ" ಎಂದರು ಯಜಮಾನರು. "ಅಪ್ಪ ಕೈ ಮುರ್ಕೊಂಡು ಮಲಗಿದ್ರು, ನಕ್ಷೆ, ಮಾದರಿ ಎರಡೂ ನಾನೇ ಮಾಡಿದ್ದೆ. ಕಟ್ಟಡ ಎದ್ದ ಮೇಲೆ ಹೀಗ್ಯಾಕಾಯ್ತು ಅಂತ ಕೇಳಿದ್ರು. ಮೇಸ್ತ್ರಿ ತಪ್ಪು ಅಂದುಬಿಟ್ಟೆ. ಮುಚ್ಚಳ ತೆಗೆದು ನೋಡೋ ಧೈರ್ಯ ಆಮೇಲೆ ಯಾವತ್ತೂ ಬರ್ಲಿಲ್ಲ."

"ನಾನು ನಿನ್ನೆ ರಾತ್ರಿ ತೆಗೆದು ನೋಡಿದೆ ಅಪ್ಪಾ" ಎಂದರು ಮಗಳು. "ಗುಂಡಣ್ಣ ಬಾಗಿಲಲ್ಲಿದ್ದ. ಯಾರ ಕೆಲಸ ಅಂತ ಗೊತ್ತಾಗೋಯ್ತು."

"ಅಪ್ಪ ಬಾಯಿ ಬಿಡಲ್ಲ, ಮಗಳು ಕೇಳಲ್ಲ, ಅಳಿಯನಿಗೆ ಇಲಿ ಕಾಣತ್ತೆ" ಎಂದು ಅಕ್ಕ ಸಿಡುಕಿದರು. "ನಿಮ್ಮೆಲ್ಲರ ನಡುವೆ ಹಣೆ ಊದಿದ್ದು ಮಾತ್ರ ನಂದು."

ಯಜಮಾನರು ಫಲಕವನ್ನು ಎತ್ತಿ, ಬರಹ ಕೆಳಗಾಗುವಂತೆ ಮೇಜಿನ ಮೇಲೆ ಕವುಚಿ ಹಾಕಿದರು. "ಇದು ಗೋಡೆಗೆ ಹೋಗಲ್ಲ. ಹೊಸದು ಮಾಡಿಸ್ತೀನಿ, ನನ್ನ ಹೆಸರು ಹಾಕಿಸಿ. ನಿಮ್ಮ ತಂದೆಯವರಿಗೆ ಫೋನ್ ಮಾಡಿ ಕೊಡ್ತೀರಾ ಡಾಕ್ಟ್ರೇ?"

"ಫೋನ್ ಯಾಕೆ? ಹೊರಗೆ ಕಾರಲ್ಲೇ ಕೂತಿದ್ದಾರೆ. ಈ ಕಚೇರಿ ಒಳಗೆ ಕಾಲಿಡಲ್ಲ ಅಂತ ಹಟ."

ಯಜಮಾನರು ಹೊರಟರು. ಮುಚ್ಚಳ ಸರಿಮಾಡಲು ನಾನು ಕೈ ಹಾಕಿದಾಗ ಡಾಕ್ಟರಮ್ಮ ತಡೆದರು. "ಹಾಗೇ ಇರ್ಲಿ. ಸಂಜೆ ಬಂದೋರೆಲ್ಲ ನೋಡ್ಲಿ."

ಕಿಟಕಿಯಿಂದ ನಾವು ನೋಡುತ್ತಿದ್ದೆವು. ಯಜಮಾನರು ಕಾರಿನ ಹತ್ತಿರ ನಿಂತು ಏನೋ ಹೇಳಿದರು. ಬಹಳ ಹೊತ್ತು ಏನೂ ಆಗಲಿಲ್ಲ. ಕೊನೆಗೆ ಹಿಂದಿನ ಬಾಗಿಲು ತೆರೆಯಿತು, ಒಳಗಿಂದ ಮುದಿ ಕೈಯೊಂದು ಸೀಟು ತಟ್ಟಿತು. ಯಜಮಾನರು ಅವಸರದಲ್ಲಿ ಬಗ್ಗಿದ್ದು ಸಾಲಲಿಲ್ಲ. ಕಾರಿನ ಚಾವಣಿಗೆ ಹಣೆ ಬಡಿದ ಸದ್ದು ಒಳಗಿನ ತನಕ ಕೇಳಿತು, ಅದರ ಹಿಂದೆಯೇ ಮೇಸ್ತ್ರಿಯವರ ನಗು.

ವಿಮೆ ಅಕ್ಕ ಕಣ್ಣು ಮುಚ್ಚಿಕೊಂಡರು.

"ತಮ್ಮಾ, ಮೇಲೆ ಹೋಗಿ ಐಸ್ ಉಳಿದಿದ್ಯಾ ನೋಡು."