ಮೇಲಕ್ಕೇರದ ಎಣ್ಣೆ

"ನಿಲ್ಸೋ! ನಿಲ್ಸು ಅಂದ್ರೆ ಕೇಳ್ಸಲ್ವಾ?" ಅಜ್ಜಿ ಡ್ಯಾಶ್‌ಬೋರ್ಡಿಗೆ ಗುದ್ದಿದಳು.

ವಿತೆಕ್ ಮಾಮ ಪುಟ್ಟ ಕಾರನ್ನು ಏರುರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದ. ಹಿಂಬದಿಯ ಎಂಜಿನ್ ಕಿರ್ರೆಂದು ಕಿರುಚಿ, ಟಕಟಕ ಬಡಿದುಕೊಂಡು ಸುಮ್ಮನಾಯಿತು.

ಹಿಂದಿನ ಸೀಟಿನಲ್ಲಿದ್ದ ಯಾಗ್ನಾಳಿಗೆ ಮೈಯೆಲ್ಲ ಉರಿಯಿತು. ನಾಲ್ಕು ಗಂಟೆಗೆ ಲಿಮನೋವಾ ಪೇಟೆಯಲ್ಲಿ ಸುಗ್ಗಿ ಕುಣಿತ. ಅವಳದು ಮುಂದಿನ ಸಾಲು. ಎರಡು ತಿಂಗಳು ಪ್ರಾಕ್ಟೀಸ್ ಮಾಡಿದ್ದಾಳೆ. ಆಗಲೇ ಮೂರಾಗಿದೆ. ಭಾನುವಾರ ಈ ದಾರಿಯಲ್ಲಿ ಬಸ್ಸೂ ಇಲ್ಲ.

"ಎಲ್ಲಾ ನಿನ್ನಿಂದಲೇ ಮಾಮ! ಚೆನ್ನಾಗಿದ್ದ ಎಂಜಿನ್ ಯಾಕೆ ಬಿಚ್ಚಿದೆ?"

"ಚೆನ್ನಾಗಿತ್ತಾ?" ಮಾಮ ಹಿಂದಿನ ಮುಚ್ಚಳ ಎತ್ತಿದ. "ಇದನ್ನ ತಣ್ಣಗಿಡೋಕೆ ನೀರಿಲ್ಲ, ಬರೀ ಗಾಳಿ. ಏರು ಹತ್ತಿದ್ರೆ ಕೆಂಡ ಆಗುತ್ತೆ. ಮೇಲಿನ ರಾಕರುಗಳಿಗೆ ಎಣ್ಣೆ ಸಾಲದೆ ಸವೀತಿದ್ವು. ಅದಕ್ಕೇ ಅವು ಕೂರೋ ಸರಳಿನಲ್ಲಿ ಒಂದು ಗೀರು ಕೊರೆದೆ, ಎಣ್ಣೆ ಧಾರಾಳವಾಗಿ ಹರೀಲಿ ಅಂತ."

"ಕಾರು ಮಾಡ್ದೋರೆಲ್ಲ ದಡ್ಡರು, ನನ್ನ ಮಗನೊಬ್ಬ ಜಾಣ!" ಅಜ್ಜಿ ತೊಡೆಯ ಮೇಲಿದ್ದ ಗಸಗಸೆ ಕೇಕನ್ನು ಸೀಟಿನ ಮೇಲೆ ಕುಕ್ಕಿ ಇಳಿದಳು. "ಇನ್ಮೇಲೆ ನನ್ನ ಕಾರು ಮುಟ್ಟಿದ್ರೆ ಕೈ ಮುರೀತೀನಿ!"

"ಹೌದು, ಮುಟ್ಲೇಬೇಡ!" ಯಾಗ್ನಾಳೂ ಹಿಂದೆಯೇ ಇಳಿದು ಕೂಗಿದಳು.

ಎಂಜಿನ್ ಕೊಂಚ ಆರಿದ ಮೇಲೆ ಮಾಮ ಅದರ ತಲೆಯ ಮೇಲಿನ ಮುಚ್ಚಳ ಬಿಚ್ಚಿದ. ವಾಲ್ವುಗಳನ್ನು ಒತ್ತುವ ನಾಲ್ಕು ರಾಕರುಗಳು, ನಾಲ್ಕು ಪುಟ್ಟ ಕಬ್ಬಿಣದ ಕೈಗಳು, ಒಣಗಿ ನಿಂತಿದ್ದವು. ಒಂದು ಹನಿ ಎಣ್ಣೆಯಿಲ್ಲ.

ಅವುಗಳ ಸ್ಟ್ಯಾಂಡನ್ನು ಕಳಚಿದ. ಅಡಿಯಲ್ಲೊಂದು ಸಣ್ಣ ತೂತು. ಅದರೊಳಗೆ ರಬ್ಬರಿನಂತೆ ಗಟ್ಟಿಯಾದ ಕೆಂಪು ಪೇಸ್ಟ್.

"ಇಲ್ಲಿ ಪೇಸ್ಟಾ? ಇದನ್ನ ಸೋರದ ಹಾಗೆ ಮುಚ್ಚಳದ ಅಂಚಿಗಷ್ಟೇ ಹಚ್ಚೋದು. ಈ ತೂತಿಂದಾನೇ ಎಣ್ಣೆ ಮೇಲೆ ಬರ್ಬೇಕು."

"ನೀನೇ ಮೆತ್ತಿರ್ತೀಯ. ಇನ್ಯಾರು, ದೆವ್ವ ಬಂದಿತ್ತಾ?" ಎಂದಳು ಅಜ್ಜಿ.

ಮಾಮ ಆ ಕೆಂಪು ಚೂರನ್ನು ಅಂಗೈಯಲ್ಲಿಟ್ಟು ನೋಡಿದ. "ಇರಬಹುದು. ನನ್ನ ಕೈಯೇ ಸರಿಯಿಲ್ಲವೇನೋ. ಬಿಡಮ್ಮ, ಇನ್ನು ಮುಟ್ಟಲ್ಲ."

ಯಾಗ್ನಾ ಆ ಚೂರನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದಳು.

ಗುರುವಾರ ಸಂಜೆ ಮಾಮ ಎಂಜಿನ್ ಬಿಚ್ಚಿಟ್ಟು ಕಾಫಿ ಕುಡಿಯಲು ಒಳಗೆ ಹೋಗಿದ್ದ. ಆ ತೂತಿನ ಬಾಯಲ್ಲಿ ಎಣ್ಣೆ ಜಿನುಗಿ ನಿಂತಿತ್ತು. ಕಾರಿನ ಎಣ್ಣೆ ಸೋರಿ ಅಂಗಳವೆಲ್ಲ ಗಲೀಜಾಯಿತೆಂದು ಕೆಳಮನೆಯ ಬುರ್ದೋವಾ ಎಂಬಾಕೆ ಅಜ್ಜಿಯನ್ನು ಬಾಯಿಗೆ ಬಂದ ಹಾಗೆ ಬೈದಿದ್ದಳು. ಓಹೋ, ಸೋರೋದು ಇಲ್ಲಿಂದಲೇ ಎಂದುಕೊಂಡು ಯಾಗ್ನಾ ಪಕ್ಕದಲ್ಲಿದ್ದ ಕೆಂಪು ಪೇಸ್ಟಿನ ಟ್ಯೂಬು ಹಿಂಡಿ ತುಂಬಿಸಿದ್ದಳು. ಮೇಲೆ ಬಂದದ್ದನ್ನು ಬೆರಳಿನಿಂದ ಒರೆಸಿದ್ದಳು.

ಯಾರಿಗೂ ಗೊತ್ತಿಲ್ಲ. ಸುಮ್ಮನಿದ್ದರೆ ಗೊತ್ತಾಗುವುದೂ ಇಲ್ಲ. ಆದರೆ ಮಾಮ ಸ್ಪ್ಯಾನರನ್ನು ಚೀಲಕ್ಕೆ ಹಾಕುತ್ತಿದ್ದ.

"ನಾನೇ ತುಂಬಿದ್ದು! ಸೋರ್ತಿದೆ ಅಂದ್ಕೊಂಡೆ!" ಅದೂ ಬೈಗುಳದ ಹಾಗೇ ಹೊರಬಿತ್ತು.

ಅಜ್ಜಿ ತಿರುಗಿದಳು. "ಅಯ್ಯೋ ಪಿಶಾಚಿ! ಇಷ್ಟು ಹೊತ್ತು ಬೈದದ್ದನ್ನೆಲ್ಲ ಈಗ ನಿನಗೆ ಮೊದಲಿಂದ ಬೈಬೇಕಾ ನಾನು?"

ಮಾಮ ನಗಲಿಲ್ಲ. ಅವನ ಕಿವಿ ಕೆಂಪಾಗಿತ್ತು. "ಅಮ್ಮ ಬೈದ್ರೆ ಬೈಲಿ. ನೀನೂ ಸೇರ್ಕೊಂಡೆ."

ಯಾಗ್ನಾ ಅವನ ಪಕ್ಕಕ್ಕೆ ಬಂದು ನಿಂತಳು.

"ಆ ತಂತಿ ಕೊಡು," ಎಂದ ಮಾಮ.

ತೂತನ್ನು ಕೆರೆದು, ಊದಿ, ಎಲ್ಲವನ್ನೂ ಮತ್ತೆ ಕೂರಿಸುವಷ್ಟರಲ್ಲಿ ನಾಲ್ಕಕ್ಕೆ ಹತ್ತು ನಿಮಿಷ. ಮುಚ್ಚಳ ಹಾಕದೆಯೇ ಎಂಜಿನ್ ಶುರುಮಾಡಿದರು. ರಾಕರುಗಳು ಒಣಗಿದ ಗಂಟಲಲ್ಲಿ ಕಿರುಚಿದವು. ಆಮೇಲೆ ಸರಳಿನ ಬುಡದಲ್ಲಿ ಎಣ್ಣೆ ಮಿನುಗಿತು. ಮಾಮ ಕೊರೆದ ಗೀರಿನಿಂದ ಮೊದಲನೆಯ ರಾಕರ್ ಒದ್ದೆಯಾಯಿತು, ಎರಡನೆಯದು, ಮೂರನೆಯದು.

"ಸಾಕು, ಹತ್ರೋ! ಕುಣಿತ ಶುರುವಾಗುತ್ತೆ!" ಅಜ್ಜಿ ಬಾಗಿಲು ಬಡಿದಳು.

ಯಾಗ್ನಾ ಅಲುಗಲಿಲ್ಲ. ಬಿಸಿ ಎಣ್ಣೆಯ ಹನಿಗಳು ಅವಳ ಕುಣಿತದ ಬಿಳಿ ಅಂಗಿಯ ತೋಳಿನ ಮೇಲೆ ಚಿಮ್ಮುತ್ತಿದ್ದವು.

"ಇರು ಅಜ್ಜಿ," ಎಂದಳು ಮೆಲ್ಲಗೆ, "ನಾಲ್ಕನೇದು ಇನ್ನೂ ಒಣಗಿದೆ."