ತ್ರಾಸಿ ತೀರದ ನೀಲಿ ಹೊಗೆ

ಇಂಜಿನ್ ಸತ್ತಿದ್ದು ಶನಿವಾರ ಬೆಳಿಗ್ಗೆ, ದಾವಣಗೆರೆಯಿಂದ ಬಂದ ಹೊಸ ಗಂಡಹೆಂಡಿರು ಸೀಟಿನ ಮೇಲಿರುವಾಗಲೇ.

ತ್ರಾಸಿಯ ಮರಳಿನಲ್ಲಿ, ಪ್ರವಾಸಿಗರ ಸವಾರಿಗೆಂದು ಇಟ್ಟಿದ್ದ ಶ್ರೀಲತಾಳ ನಾಲ್ಕು ಚಕ್ರದ ಎಟಿವಿ ಒಂದಿಷ್ಟು ದೂರ ಓಡಿತು. ಕೆಮ್ಮಿತು. ಹಿಂದಿನಿಂದ ನೀಲಿ ಹೊಗೆ ಎದ್ದು ಹೆಂಡತಿಯ ಸೀರೆ, ಗಂಡನ ಕನ್ನಡಕ, ಎಲ್ಲವನ್ನೂ ನುಂಗಿತು. ಗಾಡಿ ನಿಂತೇ ಹೋಯಿತು. ಅವರಿಬ್ಬರೂ ಮೂಗು ಮುಚ್ಚಿಕೊಂಡು ಇಳಿದು ಒಂಟೆ ಸವಾರಿಯ ಕಡೆ ನಡೆದರು.

ಮೂರು ವಾರಗಳಿಂದ ಇದೇ ಹಾಡು. ಆ ಒಂದು ಗಾಡಿಯಿಂದಲೇ ಶ್ರೀಲತಾಳ ಮನೆಯ ಒಲೆ ಉರಿಯಬೇಕು. ಇವತ್ತು ಸಂಜೆ ಬ್ರಹ್ಮಾವರದ ರೋಷನ್ ತನ್ನ ಟೂ ಸ್ಟ್ರೋಕ್ ಎಟಿವಿಯನ್ನು ಪಿಕಪ್‌ನಲ್ಲಿ ಹೇರಿಕೊಂಡು ಬರುವವನಿದ್ದ. ತನ್ನ ಈ ಫೋರ್ ಸ್ಟ್ರೋಕ್ ಗಾಡಿ ಕೊಟ್ಟು ಅದನ್ನು ಇಟ್ಟುಕೊಳ್ಳುವುದೋ, ಬೇಡವೋ? ಅಷ್ಟರೊಳಗೆ ತೀರ್ಮಾನವಾಗಬೇಕು.

"ನೀನೇ ಎಂತದೋ ಮಾಡಿದ್ದ್!" ಶ್ರೀಲತಾ ತಮ್ಮ ರತನ್ ಮೇಲೆ ಹರಿಹಾಯ್ದಳು.

ಸುಮ್ಮನೆ ಅನುಮಾನಪಟ್ಟದ್ದಲ್ಲ. ಗಾಡಿಗೆ ಪೆಟ್ರೋಲ್ ತರುವವನು ಅವನೇ, ತೊಳೆಯುವವನೂ ಅವನೇ. ರೋಷನ್‌ನ ಗಾಡಿ ಕಂಡ ಮೇಲಂತೂ ಅವನ ಬಾಯಲ್ಲಿ ಬೇರೆ ಮಾತಿಲ್ಲ. ಅದು ಹಗುರ, ಎಳೆತ ಜೋರು, ಮರಳಲ್ಲಿ ಹಾರುತ್ತದೆ!

"ನಾನ್ ಎಂತದೂ ಮಾಡ್ಲಿಲ್ಲೆ, ಅಕ್ಕ."

"ಮತ್ಯಾರ್? ಹೊಸದ್ ಬೇಕಂದ್ ಹಳೇದನ್ನ ಕೊಂದೆ!"

ರತನ್ ಅಕ್ಕನ ಮುಖವನ್ನೇ ನೋಡಿದ. "ಹಾಂಗಾರೆ ನಾ ಹೋತೆ. ಮುಂಬಯಲ್ಲಿ ಮಾವನ ಹೋಟ್ಲ್ ಇತ್ತಲೆ. ಸಂಜೆ ಬಸ್ಸಿಗೇ ಹೋತೆ."

ಹೋದ. ತಿರುಗಿಯೂ ನೋಡಲಿಲ್ಲ. ಶ್ರೀಲತಾ ಯೋಚಿಸಿದಳು. ಅವನೇ ಮಾಡಿದ್ದರೆ ಹೋಗಲಿ. ಮಾಡದೇ ಇದ್ದರೆ? ಯಾರ ಕೈವಾಡವೆಂದು ತಿಳಿಯದೆ ಗಾಡಿಯನ್ನೂ ಕೊಡುವುದಿಲ್ಲ, ತಮ್ಮನನ್ನೂ ಕೊಡುವುದಿಲ್ಲ. ಹಾಗೆಂದು ಗಟ್ಟಿ ಮಾಡಿಕೊಂಡವಳೇ ವನಮಾಲಕ್ಕನ ಮನೆಯ ಬಾಗಿಲು ಬಡಿದಳು.

ವನಮಾಲಾ ಸಾಲಿಗ್ರಾಮದವರು. ಬೈಂದೂರಿನಲ್ಲಿ ಪೊಲೀಸ್ ಕೆಲಸ ಮಾಡಿ ನಿವೃತ್ತರಾಗಿ ತ್ರಾಸಿಯಲ್ಲೇ ಉಳಿದಿದ್ದರು. ಕೆಲಸಕ್ಕೆ ನಿವೃತ್ತಿ ಸಿಕ್ಕಿತ್ತು, ಪ್ರಶ್ನೆ ಕೇಳುವ ಚಟಕ್ಕೆ ಸಿಕ್ಕಿರಲಿಲ್ಲ.

ಗಾಡಿಯನ್ನು ತಳ್ಳಿ ತಂದು ನಿಲ್ಲಿಸಿದ್ದ ಶೆಡ್ಡಿಗೆ ಬಂದವರೇ ಶುರುಮಾಡಿದರು.

"ಹೊಗೆ ಏಗಳ್ ಶುರುವಾಯ್ತ್?"

"ಮೂರ್ ವಾರ ಆಯ್ತ್, ಅಕ್ಕ."

"ಅದ್ಕೆ ಮುಂಚೆ ಎಂತಾರೂ ಬದಲಾಯ್ತಾ?"

"ಎಂತದೂ ಇಲ್ಲೆ. ಅಪ್ಪಯ್ಯ ಮೊಣಕಾಲ್ ನೋವಂದ್ ಕಡ್ಲಿಗೆ ಹೋಪುದ್ ಬಿಟ್ರ್, ಅಷ್ಟೇ. ದೋಣಿ ಮಾರಿ, ಅದ್ರ ಸಾಮಾನೆಲ್ಲ ಇಲ್ಲಿ ತಂದಿಟ್ಟಿದ್ರ್."

ವನಮಾಲಾ ಸುತ್ತ ಕಣ್ಣಾಡಿಸಿದರು. ಮೂಲೆಯಲ್ಲಿ ಗೋಣಿ ಸುತ್ತಿದ ದೋಣಿಯ ಇಂಜಿನ್. ಮಡಚಿಟ್ಟ ಬಲೆ. ಹಗ್ಗ. ಎಲ್ಲದರ ಮೇಲೂ ಧೂಳು. ಅವುಗಳ ನಡುವೆ ಒಂದು ಆಯಿಲ್ ಡಬ್ಬಿ ಮಾತ್ರ ಒರೆಸಿಟ್ಟಂತೆ ಹೊಳೆಯುತ್ತಿತ್ತು.

"ಅಪ್ಪಯ್ಯ ಎಲ್ಲಿದ್ರ್?"

"ಬೆಳಿಗ್ಗೆ ಬೇಗ ಬೈಂದೂರಿಗೆ ಹೋಯಿರ್, ಮೊಣಕಾಲಿಗೆ ಮದ್ದ್ ತರುಕೆ. ಸಂಜೆ ಬತ್ರ್."

"ರೋಷನ್ ಗಾಡಿ ಪರೀಕ್ಷೆ ಮಾಡಿದ್ನಾ?"

"ಗುರುವಾರ ಬಂದಿದ್ದ. ಒಂದ್ ಸುತ್ತ್ ಓಡ್ಸಿದ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗ್ದ್ ಬಗ್ಗಿ ಕಂಡ. ಆಮೇಲೆ, ಇಂಜಿನ್ ರಿಂಗ್ ಹೋಯ್ತ್, ಆಯಿಲ್ ಕುಡಿತಾ ಇತ್ತ್ ಅಂದ. ಮೆಕ್ಯಾನಿಕಿಗೆ ತೋರ್ಸಿ ದುಡ್ಡ್ ದಂಡ ಮಾಡ್ಬೇಡಿ, ಹಾಂಗೇ ಕೊಡಿ ಅಂದ."

"ಆಯಿಲ್ ಕುಡಿತಾ ಇತ್ತಾ? ಎಷ್ಟ್ ಕುಡ್ದಿತ್ತ್ ಅಂದ್ ಕಂಡ್ನಾ?"

ಶ್ರೀಲತಾ ತಡವರಿಸಿದಳು. "ಇಲ್ಲೆ. ಹೊಗೆ ಕಂಡೇ ಹೇಳ್ದ."

"ನೀನ್ ಕಂಡ್ಯಾ?"

"ನಾನೂ ಕಾಣ್ಲಿಲ್ಲೆ."

"ನಮ್ಮ ಠಾಣೆ ಜೀಪಿನ ಡ್ರೈವರ್ ದಿನಾ ಬೆಳಿಗ್ಗೆ ಮೊದ್ಲ್ ಮಾಡೂ ಕೆಲ್ಸ ಅದೇ. ತೆಗಿ ಕಾಂಬ, ಆಯಿಲ್ ಅಳೆಯೂ ಕಡ್ಡಿ!"

ಶ್ರೀಲತಾ ಕಡ್ಡಿ ಎಳೆದಳು, ಒರೆಸಿದಳು, ಮತ್ತೆ ಇಳಿಸಿ ಎತ್ತಿದಳು. ಆಯಿಲ್ ಮೇಲಿನ ಗೆರೆಯ ತನಕ ಇತ್ತು. ಹನಿಯೂ ಕಡಿಮೆಯಾಗಿರಲಿಲ್ಲ.

"ಈಗ ಟ್ಯಾಂಕ್."

ಮುಚ್ಚಳ ತಿರುಗಿಸಿ ಅವಳು ಮೂಗು ಹತ್ತಿರ ಒಯ್ದಳು. ಪೆಟ್ರೋಲ್ ವಾಸನೆಯೇ. ಆದರೆ ಅದರ ಜೊತೆಗೆ ಇನ್ನೊಂದು— ಅವಳಿಗೆ ಚಿಕ್ಕಂದಿನಿಂದ ಗೊತ್ತಿದ್ದ, ಕಡಲಿಂದ ಬಂದ ಅಪ್ಪಯ್ಯನ ಅಂಗಿಯ ವಾಸನೆ.

"ಅಕ್ಕ... ಇದ್ ದೋಣಿ ಆಯಿಲ್! ಆ ರೋಷನ್ ಹಾಕಿದ್ನಾ?"

"ಅವ ಬಂದದ್ದ್ ಗುರುವಾರ. ಹೊಗೆ ಬಂದದ್ದ್ ಮೂರ್ ವಾರದಿಂದ," ಎಂದರು ವನಮಾಲಾ. "ಸಂಜೆ ಆಯ್ಲಿ."

ಬಿಸಿಲು ಇಳಿಯುವ ಹೊತ್ತಿಗೆ ರೋಷನ್ ಬಂದ. ಕೆಂಪು ಬಣ್ಣದ ಟೂ ಸ್ಟ್ರೋಕ್ ಗಾಡಿ ಪಿಕಪ್‌ನಲ್ಲಿ ಮಿರಮಿರ ಮಿಂಚುತ್ತಿತ್ತು. ಅವನ ಹಿಂದೆಯೇ ಬಸ್ಸಿಳಿದು, ಮದ್ದಿನ ಪೊಟ್ಟಣ ಹಿಡಿದು, ಕಾಲೆಳೆಯುತ್ತ ಅಪ್ಪಯ್ಯ ಸುಬ್ಬ ಬಂದರು.

"ಹೇರುದಾ?" ರೋಷನ್ ಅವಸರಪಡಿಸಿದ.

"ನಿಲ್," ವನಮಾಲಾ ಅಡ್ಡ ನಿಂತರು. "ಈ ಇಂಜಿನ್ ಕಥೆ ಮುಗೀತ್ ಅಂದದ್ದ್ ನೀನೇ ಅಲ್ದಾ? ಸತ್ತ ಗಾಡಿಗೆ ನಿನ್ನ ಒಳ್ಳೇ ಗಾಡಿ ಎಂತಕ್ಕೆ ಕೊಡ್ತೆ? ಅಷ್ಟ್ ಧರ್ಮಾತ್ಮನಾ ನೀನ್?"

"ಅದ್... ಬಿಡಿ ಭಾಗ ಮಾರುಕೆ..."

"ರಿಂಗ್ ಹೋದ್ರೆ ಇಂಜಿನ್ ಹೊಟ್ಟೆಯ ಆಯಿಲ್ ಸುಟ್ಟ್ ಕಮ್ಮಿ ಆಯ್ಕ್. ಇಲ್ಲಿ ಗೆರೆ ತನಕ ಇತ್ತ್. ಫೋರ್ ಸ್ಟ್ರೋಕಿಗೆ ಆಯಿಲ್ ಬೇರೆ, ಪೆಟ್ರೋಲ್ ಬೇರೆ. ಪೆಟ್ರೋಲಿಗೇ ಆಯಿಲ್ ಬೆರ್ಸುದ್ ಟೂ ಸ್ಟ್ರೋಕಿಗೆ, ದೋಣಿ ಇಂಜಿನ್ನಿಗೆ. ಟ್ಯಾಂಕಿಗೆ ಬಗ್ಗಿದ ಕೂಡ್ಲೇ ನಿಂಗೆ ವಾಸ್ನೆ ಬಂತ್. ಟ್ಯಾಂಕ್ ಖಾಲಿ ಮಾಡಿರೆ ಗಾಡಿ ಸರಿಯಾತ್ತ್ ಅಂದ್ ಗೊತ್ತಾಯ್ತ್. ಅದ್ಕೇ ಮೆಕ್ಯಾನಿಕ್ ಬ್ಯಾಡ ಅಂದೆ. ಹೌದಾ, ಅಲ್ದಾ?"

ರೋಷನ್ ಬೆವರು ಒರೆಸಿಕೊಂಡ. "ಆಯಿಲ್ ಹಾಕಿದ್ದ್ ನಾನಲ್ಲ, ಮೇಡಮ್!"

"ನೀನಲ್ಲ. ಗೊತ್ತಿದ್ದೂ ಬಾಯಿ ಮುಚ್ಚಿ ಒಂದ್ ಹೆಣ್ಣಿನ ಅನ್ನ ಕಸಿಯುಕೆ ಬಂದೆ, ನಿನ್ ತಪ್ಪ್ ಅದ್. ಹಾಕಿದವ್ರ್ ಬೇರೆ." ವನಮಾಲಾ ತಿರುಗಿದರು. ಅವರ ದನಿ ಮೆತ್ತಗಾಯಿತು. "ಸುಬ್ಬಣ್ಣ, ಆ ಒರೆಸಿಟ್ಟ ಡಬ್ಬಿ ಆಯಿಲ್ ದಿನಾ ಎಷ್ಟ್ ಹಾಕ್ತ್ರಿ?"

"ಲೀಟರಿಗೆ ಒಂದ್ ಮುಚ್ಚಳ," ಎಂದರು ಅಪ್ಪಯ್ಯ, ಹೆಮ್ಮೆಯಿಂದಲೇ. "ಈ ಮಕ್ಳ್ ಬರೀ ಪೆಟ್ರೋಲ್ ತಂದಿಡ್ತ್ರ್, ಅಮ್ಮ. ನಾ ಬೆಳಿಗ್ಗೆ ಎದ್ದ್ ಕ್ಯಾನಿಗೆ ಬೆರ್ಸ್ತೆ. ಇಲ್ದಿರೆ ಇಂಜಿನ್ ಜಾಮ್ ಆತ್ತಲೆ? ಕಡ್ಲ್ ಮಧ್ಯ ಜಾಮ್ ಆರೆ ಯಾರ್ ಬತ್ರ್?"

"ಹೊಗೆ ಕಾಣ್ಲಿಲ್ಯಾ?"

"ಹೊಗೆ ಬಪ್ಪುದ್ ಒಳ್ಳೇದಲ್ದಾ? ನಮ್ಮ ದೋಣಿ ಯಾವತ್ತೂ ಹೊಗೆ ಬಿಡ್ತಿತ್. ಇವ ರಿಂಗ್ ಹೋಯ್ತ್ ಅಂದ ಮೇಲೆ ಪಾಪ ಅಂದ್ ಇನ್ನೊಂದ್ ಮುಚ್ಚಳ ಹೆಚ್ಚೇ ಹಾಕ್ದೆ."

ಶ್ರೀಲತಾಳಿಗೆ ನಗುವೂ ಬಂತು, ಅಳುವೂ ಬಂತು. ಮೂರು ವಾರ ಅವಳ ಗಾಡಿಯನ್ನು ಕೊಂದದ್ದು ಅಪ್ಪಯ್ಯನ ಅಕ್ಕರೆ! ಅದರ ಅಪರಾಧವನ್ನು ಹೊತ್ತುಕೊಂಡು ರತನ್ ಬಸ್ಸಿಗೆಂದು ರಸ್ತೆಗೆ ಹೋಗಿದ್ದ.

"ನಿನ್ನ ಗಾಡಿ ತಕಂಡ್ ಹೋಗ್," ಎಂದಳು ರೋಷನ್‌ಗೆ. "ನಂಗ್ ಬ್ಯಾಡ."

"ಟೂ ಸ್ಟ್ರೋಕ್ ಆರೆ ನಾ ಹಾಕಿದ್ದ್ ಸರಿ ಆತ್ತಿತ್," ಅಪ್ಪಯ್ಯ ಸಣ್ಣ ದನಿಯಲ್ಲಿ ಅಂದರು. ಅವರ ಮುಖ ಇಳಿದುಹೋಗಿತ್ತು.

"ನಾಳಿಂದ ನೀವ್ ದಿನಾ ಈ ಕಡ್ಡಿ ಎಳ್ದ್ ಆಯಿಲ್ ಕಾಣಿ, ಅಪ್ಪಯ್ಯ. ನಾವ್ಯಾರೂ ಕಾಣ್ಲಿಲ್ಲೆ. ಕಂಡಿದ್ರೆ ಈ ಗತಿ ಬತ್ತಿರ್ಲಿಲ್ಲೆ."

ಟ್ಯಾಂಕ್ ಬರಿದು ಮಾಡಿದಳು. ಮಸಿ ಹಿಡಿದ ಪ್ಲಗ್ ಬಿಚ್ಚಿ ತಿಕ್ಕಿದಳು. ಹೊಸ ಪೆಟ್ರೋಲ್ ಸುರಿದು ಗುಂಡಿ ಒತ್ತಿದಳು— ಇಲ್ಲ. ಮತ್ತೊಮ್ಮೆ— ಇಲ್ಲ. ಹಲ್ಲು ಕಚ್ಚಿ ಮತ್ತೆ ಒತ್ತಿದಳು. ಇಂಜಿನ್ ಗುಡುಗಿತು. ಉಳಿದಿದ್ದ ನೀಲಿ ಹೊಗೆಯನ್ನೆಲ್ಲ ಉಗಿದು ಹದಕ್ಕೆ ಬಂತು.

ಹೆದ್ದಾರಿಯ ಪಕ್ಕದ ಮರಳಿನಲ್ಲೇ ಅವಳು ಗಾಡಿ ಓಡಿಸಿದಳು. ಬಸ್ ನಿಲ್ಲುವಲ್ಲಿ ರತನ್ ಚೀಲದ ಮೇಲೆ ಕೂತಿದ್ದ. ಸದ್ದಿಗೆ ತಲೆಯೆತ್ತಿದ. ಅಕ್ಕನ ಮುಖ ನೋಡಲಿಲ್ಲ, ಮೊದಲು ಗಾಡಿಯ ಹಿಂದೆ ನೋಡಿದ.

"ಹೊಗೆ ಎಲ್ಲಿ?"

"ಇಲ್ಲೆ," ಅಂದಳು ಶ್ರೀಲತಾ. "ಮಾಡಿದ್ದ್ ನೀನಲ್ಲ. ನಾನ್ ತಪ್ಪ್ ಹೇಳ್ದೆ ಮಾರಾಯ."

ದೂರದಲ್ಲಿ ಮುಂಬಯಿ ಬಸ್ಸಿನ ದೀಪ ಕಾಣಿಸಿತು. ರತನ್ ಎದ್ದು ಚೀಲ ಎತ್ತಿಕೊಂಡ. ಆಮೇಲೆ ಚೀಲವನ್ನು ಗಾಡಿಯ ಹಿಂದಿನ ಕಂಬಿಗೆ ಕಟ್ಟತೊಡಗಿದ.

"ಹಿಂದೆ ಸರಿ, ಅಕ್ಕ," ಅಂದ. "ಗಾಡಿ ನಾ ಬಿಡ್ತೆ."