ಹಿತ್ತಲ ಬಾಗಿಲಿನ ಎರಡು ಸ್ಕ್ರೂ

ಬೆಳಿಗ್ಗೆ ಏಳೂವರೆಗೆ ರಿಪೇರಿ ಮಾವ ಏದುಸಿರು ಬಿಡುತ್ತಾ ಠಾಣೆಗೆ ಬಂದರು. ಬೀದಿಯಲ್ಲಿ ರೇಡಿಯೊ ಕೆಟ್ಟರೂ ಮಿಕ್ಸಿ ಕೆಟ್ಟರೂ ಎಲ್ಲರೂ ಹೋಗುವುದು ಅವರ ಮನೆಗೇ.

"ಹಿತ್ತಲ ಗಾಜಿನ ಬಾಗಿಲು ಕಿತ್ತು ನುಗ್ಗಿದ್ದಾರೆ ಮೇಡಂ. ಟೀಚರಮ್ಮ ರಿಪೇರಿಗೆ ಕೊಟ್ಟಿದ್ದ ಟೇಪ್ ರೆಕಾರ್ಡರ್ ಹೋಯ್ತು. ಒಳಗಿನ ಕ್ಯಾಸೆಟ್ಟಲ್ಲಿ ತೀರಿಕೊಂಡ ಅವರಮ್ಮನ ದನಿ ಇತ್ತು."

ಎಫ್ಐಆರ್ ದಾಖಲಾಯಿತು. ಅಷ್ಟರಲ್ಲಿ ನೆರೆಯವರು, ಹಿಂದಿನ ದಿನ ಆ ಬಾಗಿಲು ತೊಳೆದಿದ್ದ ಗಾಜು ಒರೆಸುವವನನ್ನು ಕುತ್ತಿಗೆಪಟ್ಟಿ ಹಿಡಿದು ಎಳೆತಂದರು.

"ಒಮ್ಮೆ ಕಳ್ಳ ಅನ್ನಿಸಿಕೊಂಡ್ರೆ ಯಾರಮ್ಮಾ ನನ್ನ ಕಿಟಕಿ ಹತ್ರ ಬಿಡ್ತಾರೆ?" ಎಂದ ಅವನು.

ಇನ್‌ಸ್ಪೆಕ್ಟರ್ ಪಂಚನಾಮೆಗೆ ಹೊರಟರು. ಆಕೆಯ ಮನೆಗೂ ಹಳಿಯ ಮೇಲೆ ಜಾರುವ ಅಂಥದೇ ಗಾಜಿನ ಬಾಗಿಲು. ಮಲಗುವ ಮುಂಚೆ ಎರಡೆರಡು ಸಲ ಮುಟ್ಟಿ ನೋಡುವ ಹೆಂಗಸು ಆಕೆ.

ಮಾವನ ಮನೆಯ ಬಾಗಿಲು ಹಿತ್ತಲ ಗೋಡೆಗೆ ಒರಗಿತ್ತು. ಕೆಳಗಿನ ಹಳಿಯಲ್ಲಿ, ಬಾಗಿಲು ಜಾರದಂತೆ ತಡೆಯುವ ಅಡ್ಡಕೋಲು ಇಟ್ಟಲ್ಲೇ ಇತ್ತು.

"ಜಾರಿಸೋಕಾಗಿಲ್ಲ, ಎತ್ತಿಬಿಟ್ಟಿದ್ದಾನೆ," ಎಂದ ಕಾನ್‌ಸ್ಟೇಬಲ್. "ತೊಟ್ಟಿಲಿಂದ ಮಗು ಎತ್ತಿದ ಹಾಗೆ."

ಆಕೆ ಸ್ಟೂಲು ಹತ್ತಿ ಮೇಲಿನ ಹಳಿಗೆ ಟಾರ್ಚ್ ಬಿಟ್ಟರು. ಬಾಗಿಲು ಮೇಲೇಳದಂತೆ ತಡೆಯುವ ಎರಡು ಸ್ಕ್ರೂ ಬಿಗಿಯಾಗಿ ನಿಂತಿದ್ದವು.

"ಬಾಗಿಲು ಕೂರಿಸ್ರಿ, ಬೇಗ!"

ಆಕೆಯೂ ಕೈಹಾಕಿ ಇಬ್ಬರೂ ತಿಣುಕಿದರು. ಕೂರಲಿಲ್ಲ. ಆಕೆ ಮತ್ತೆ ಟಾರ್ಚ್ ಮೇಲೆತ್ತಿದರು.

"ಸ್ಕ್ರೂ ಇದ್ರೆ ಬಾಗಿಲು ಬರೋದೂ ಇಲ್ಲ, ಹೋಗೋದೂ ಇಲ್ಲ. ಕದ್ದು ಓಡೋನು ಸ್ಕ್ರೂ ವಾಪಸ್ ಬಿಗಿದು ಹೋಗ್ತಾನೇನ್ರಿ?"

"ಅಷ್ಟು ಸಂಭಾವಿತ ಕಳ್ಳನ್ನ ನಾನಂತೂ ಕಂಡಿಲ್ಲ ಮೇಡಂ."

ಆಕೆ ದಾಪುಗಾಲಲ್ಲಿ ಒಳಕೋಣೆಗೆ ನಡೆದರು; ಮಾವ ಹಿಂದೆಯೇ ಬಂದರು. ಮೇಜಿನ ತುಂಬ ಬಿಚ್ಚಿಟ್ಟ ಯಂತ್ರಗಳು. ಕಳೆದುಹೋಗದಿರಲೆಂದು ಪ್ರತಿಯೊಂದರ ಸ್ಕ್ರೂವನ್ನೂ ಅದರದರ ತೂತಿಗೇ ಮತ್ತೆ ತಿರುಗಿಸಿಡಲಾಗಿತ್ತು.

"ಕೈ ಅಭ್ಯಾಸ, ಅಲ್ವಾ ಮಾವ?"

ಮಾವ ಮೇಜಿನ ಬಳಿ ಕುಳಿತರು. "ನಾನು ಆ ಹುಡುಗನ ಹೆಸರು ಹೇಳಲಿಲ್ಲಮ್ಮ."

"ಅವನಲ್ಲ ಅಂತಲೂ ಹೇಳಲಿಲ್ಲ."

ಅಕ್ಕಿ ಡಬ್ಬದ ತಳದಿಂದ ಟೇಪ್ ರೆಕಾರ್ಡರನ್ನು ಅವರೇ ತೆಗೆದುಕೊಟ್ಟರು. ಸುಳ್ಳು ದೂರು, ಸುಳ್ಳು ಸಾಕ್ಷ್ಯದ ಮೇಲೆ ಮಾವನ ಬಂಧನವಾಯಿತು. ಎಳೆತಂದವರೆಲ್ಲರ ಎದುರೇ ಇನ್‌ಸ್ಪೆಕ್ಟರ್ ಗಾಜಿನವನನ್ನು ಕಳುಹಿಸಿದರು: "ನಾಳೆ ನಮ್ಮನೆ ಗಾಜು ಒರೆಸೋಕೆ ಬಾ."

ಠಾಣೆಯಲ್ಲಿ ಕ್ಯಾಸೆಟ್ ಹಾಕಿದರು. "ಊಟ ಆಯ್ತೇನೇ ಪುಟ್ಟಿ?" ಎಂದಿತು ಒಂದು ಮುದಿದನಿ. ಟಕ್ ಎಂದು ನಿಂತಿತು. ಆಮೇಲೆ ಸ್ಕ್ರೂಡ್ರೈವರಿನ ಸದ್ದು, ಜೊತೆಗೆ ಮಾವನ ಖುಷಿಯ ಗುನುಗು. ರಿಪೇರಿ ಆಯಿತೇ ಎಂದು ನೋಡಲು ಹೋಗಿ ಅವರು ತಪ್ಪಿ ರೆಕಾರ್ಡ್ ಗುಂಡಿ ಒತ್ತಿದ್ದರು; ಟೀಚರಮ್ಮನ ಅಮ್ಮನ ಮುಂದಿನ ಮಾತೆಲ್ಲ ಅಳಿಸಿಹೋಗಿತ್ತು. ಏನನ್ನೂ ಕೆಡಿಸದ ಕೈ ಎಂಬ ಹೆಸರು ಅವರದು. ಅದನ್ನು ಉಳಿಸಿಕೊಳ್ಳಲು ತಮ್ಮ ಮನೆಗೆ ತಾವೇ ಕನ್ನ ಹಾಕಿಕೊಂಡಿದ್ದರು. ಆದರೂ ಉಳಿದ ಆ ಮೂರು ಮಾತನ್ನು ಎಸೆಯಲು ಮನಸ್ಸು ಬಂದಿರಲಿಲ್ಲ.